ಯುದ್ಧದ ಜೀಪು ಅಂಗಳಕ್ಕೆ ಬಂದರೆ...

ಮೈಯೆಲ್ಲ ತುಕ್ಕು, ಕಚ್ಚಿಕೊಂಡ ಎಂಜಿನ್, ಸೀಟಿನೊಳಗೆ ಇಲಿಗಳ ಸಂಸಾರ. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳುವ ಇಂಥ ಜೀಪನ್ನು ಮನೆಯಂಗಳದಲ್ಲೇ ಮತ್ತೆ ಓಡಿಸಬಹುದೆ? ಖಂಡಿತ. ಅನೇಕ ದೇಶಗಳಲ್ಲಿ ಹವ್ಯಾಸಿಗಳು ಇದನ್ನು ಮಾಡುತ್ತಿದ್ದಾರೆ. ಬೇಕಾದದ್ದು ತಾಳ್ಮೆ, ಒಂದಷ್ಟು ಹಣ ಮತ್ತು ಹೈಸ್ಕೂಲಿನ ವಿಜ್ಞಾನ!

1940ರಲ್ಲಿ ಅಮೆರಿಕದ ಸೈನ್ಯಕ್ಕೆ ಎಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಹರಿಯುವ ಹಗುರ ವಾಹನ ಬೇಕಾಗಿತ್ತು. ಮಾದರಿ ಒಪ್ಪಿಸಲು ಕೊಟ್ಟ ಗಡುವು ಕೇವಲ 49 ದಿನ. ಬ್ಯಾಂಟಮ್ ಎಂಬ ಪುಟ್ಟ ಕಂಪೆನಿ, ಕಾರ್ಲ್ ಪ್ರಾಬ್‌ಸ್ಟ್ ಎಂಬ ಎಂಜಿನಿಯರರ ನೆರವಿನಿಂದ ಅದನ್ನು ಸಾಧಿಸಿತು. ಮುಂದೆ 1945ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧಾನಂತರ ನಮ್ಮಲ್ಲಿ ಮಹೀಂದ್ರ ಕಂಪೆನಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಕೊಡಗು, ಚಿಕ್ಕಮಗಳೂರಿನ ತೋಟಗಳಿಗೆ ಜೀಪು ಹೊಸದಲ್ಲ.

ಹಾಗಾಗಿ ಮೊದಲ ಕೆಲಸ ಗುರುತು ಹಿಡಿಯುವುದು. ಯುದ್ಧಕಾಲದ ಜೀಪಿನ ಒತ್ತುತಗಡಿನ ಮುಂಬದಿಯಲ್ಲಿ ಒಂಬತ್ತು ಸೀಳುಗಳು. ನಾಗರಿಕ ಜೀಪಿನಲ್ಲಿ ಏಳು. ಫೋರ್ಡ್ ತಯಾರಿಕೆಯಾದರೆ ಬೋಲ್ಟುಗಳ ತಲೆಯ ಮೇಲೂ 'ಎಫ್' ಅಕ್ಷರ ಕಾಣುತ್ತದೆ.

ತುಕ್ಕಿನೊಡನೆ ಹೋರಾಟ

ತುಕ್ಕೆಂದರೆ ಕಬ್ಬಿಣವು ಆಮ್ಲಜನಕ ಮತ್ತು ನೀರಿನೊಡನೆ ಸೇರಿ ಆದ ಸಂಯುಕ್ತ. ಸಣ್ಣ ಭಾಗಗಳನ್ನು ಉಜ್ಜಿ ಸವೆಸುವ ಬದಲು ವಿದ್ಯುದ್ವಿಭಜನೆಯಿಂದ ಶುಚಿಗೊಳಿಸಬಹುದು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ವಾಷಿಂಗ್ ಸೋಡ ಕರಗಿಸಿದ ನೀರು. ಬ್ಯಾಟರಿ ಚಾರ್ಜರಿನ ಋಣ ತುದಿಗೆ ತುಕ್ಕು ಹಿಡಿದ ಭಾಗ, ಧನ ತುದಿಗೆ ಬೇಡವಾದ ಕಬ್ಬಿಣದ ತುಂಡು. ಎರಡೂ ಒಂದನ್ನೊಂದು ಮುಟ್ಟಬಾರದು. ಕೆಲವು ಗಂಟೆಗಳಲ್ಲಿ ತುಕ್ಕು ಸಡಿಲವಾಗಿ ಬ್ರಷ್ಷಿಗೆ ಬರುತ್ತದೆ. ಏಳುವ ಗುಳ್ಳೆಗಳಲ್ಲಿ ಜಲಜನಕವಿರುವುದರಿಂದ ಈ ಕೆಲಸ ಬಯಲಿನಲ್ಲೇ ನಡೆಯಬೇಕು, ಹತ್ತಿರ ಬೆಂಕಿ ಕೂಡದು. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಬೇಡಿ. ಅದರಿಂದ ವಿಷಕಾರಿ ಕ್ರೋಮಿಯಂ ಸಂಯುಕ್ತ ಹುಟ್ಟುತ್ತದೆ.

ಕಚ್ಚಿಕೊಂಡ ಎಂಜಿನ್ನನ್ನು ಬಲದಿಂದ ತಿರುಗಿಸಿದರೆ ಪಿಸ್ಟನ್ ರಿಂಗುಗಳು ಮುರಿಯುತ್ತವೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ನಾಲ್ಕೂ ಸಿಲಿಂಡರುಗಳಿಗೆ ತೆಳು ಎಣ್ಣೆ ಬಿಟ್ಟು ಕೆಲವು ದಿನ ಕಾಯಬೇಕು. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಲೋಮನಾಳ ಕ್ರಿಯೆಯೇ ಇಲ್ಲಿಯೂ ಎಣ್ಣೆಯನ್ನು ಕಿರುಸಂದಿಗೆ ಒಯ್ಯುತ್ತದೆ.

ಈ ಜೀಪಿನದು 6 ವೋಲ್ಟ್ ವಿದ್ಯುತ್ ವ್ಯವಸ್ಥೆ. 30 ವಾಟ್ ದೀಪಕ್ಕೆ 12 ವೋಲ್ಟಿನಲ್ಲಿ ಎರಡೂವರೆ ಆಂಪಿಯರ್ ಸಾಕು. 6 ವೋಲ್ಟಿನಲ್ಲಿ ಐದು ಬೇಕು. ಆದ್ದರಿಂದ ತೆಳು ತಂತಿ ಬಿಸಿಯೇರುತ್ತದೆ, ದೀಪ ಮಂಕಾಗುತ್ತದೆ. ಪಠ್ಯಪುಸ್ತಕದ ಸೂತ್ರ ಇಲ್ಲಿ ಕಣ್ಣಿಗೇ ಕಾಣುತ್ತದೆ!

ಪೋಷಕರೇ, ಗಮನಿಸಿ

ಕೆಲವು ಕೆಲಸಗಳು ಮಕ್ಕಳದ್ದಲ್ಲ. ಪೆಟ್ರೋಲ್ ಟ್ಯಾಂಕ್ ಇರುವುದು ಚಾಲಕನ ಸೀಟಿನಡಿ. ಖಾಲಿ ಟ್ಯಾಂಕಿನಲ್ಲೂ ಆವಿ ಉಳಿದಿರುತ್ತದೆ. ಬೆಸುಗೆಯ ಕಿಡಿ ತಗುಲಿದರೆ ಸ್ಫೋಟ. ಸೈನ್ಯದ ಚಕ್ರದ ರಿಮ್ಮು ಎರಡು ಹೋಳುಗಳನ್ನು ಬೋಲ್ಟಿನಿಂದ ಸೇರಿಸಿದ್ದು. ಗಾಳಿ ಪೂರ್ತಿ ಇಳಿಸದೆ ಆ ಬೋಲ್ಟುಗಳನ್ನು ಬಿಚ್ಚಿದರೆ ಪ್ರಾಣಕ್ಕೇ ಅಪಾಯ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು, ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಆ ಧೂಳನ್ನು ಊದಬಾರದು, ಒಣದಾಗಿ ಉಜ್ಜಲೂಬಾರದು. ಬರಿ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ಯಾರೂ ನುಸುಳಬಾರದು.

ಬದಲಾಯಿಸುವ ಆಸೆಗೂ ಕಡಿವಾಣವಿರಲಿ. 2021ರ ಕೇಂದ್ರ ನಿಯಮದಂತೆ, 50 ವರ್ಷ ಮೀರಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡಾಗದ ವಾಹನಕ್ಕೆ 'ವಿಎ' ಅಕ್ಷರಗಳಿರುವ ವಿಂಟೇಜ್ ನೋಂದಣಿ ದೊರೆಯುತ್ತದೆ. ನಿತ್ಯದ ಓಡಾಟಕ್ಕೆ, ಬಾಡಿಗೆಗೆ ಅದನ್ನು ಬಳಸುವಂತಿಲ್ಲ. ಡೀಸೆಲ್ ಎಂಜಿನ್ ಕೂರಿಸಿ, ಕ್ರೋಮ್ ಬಳಿದು ಹೊಳೆಯಿಸಿದರೆ ಜೀಪು ಉಳಿದೀತು, ಚರಿತ್ರೆ ಅಳಿದೀತು.

ಜೀಪು ಎಲ್ಲರಿಗೂ ಎಟುಕುವುದಿಲ್ಲ, ನಿಜ. ಮೂಲೆಯಲ್ಲಿರುವ ಅಜ್ಜನ ಸೈಕಲ್ಲಿನಿಂದಲೇ ಶುರುಮಾಡಿ. ಬಿಚ್ಚುವ ಮೊದಲು ಚಿತ್ರ ತೆಗೆಯಿರಿ, ಬಿಚ್ಚಿದ ಪ್ರತಿ ನಟ್ಟನ್ನೂ ಹೆಸರು ಬರೆದ ಡಬ್ಬಿಯಲ್ಲಿಡಿ, ಕ್ರಮವನ್ನು ನೋಟ್‌ಬುಕ್ಕಿನಲ್ಲಿ ಗುರುತಿಸಿ. ಮಕ್ಕಳ ಕೈ ಮಸಿಯಾದರೆ ಗದರಬೇಡಿ. ಸೋಪಿನಿಂದ ಮಸಿ ಹೋಗುತ್ತದೆ, ಕಲಿತದ್ದು ಉಳಿಯುತ್ತದೆ.