ಗ್ರೀಕರ ವಿದ್ಯಾದರ್ಶವೂ ಕ್ರೈಸ್ತ ಬೋಧನೆಯೂ

ಪುರಾತನ ಗ್ರೀಕರು ವಿದ್ಯಾಭ್ಯಾಸವನ್ನು ‘ಪೈದೈಯ’ ಎಂದು ಕರೆಯುತ್ತಿದ್ದರು. ಅಕ್ಷರ, ಸಂಗೀತ, ಅಂಗಸಾಧನೆ ಇವುಗಳಿಂದ ದೇಹವೂ ಮನಸ್ಸೂ ಶೀಲವೂ ಒಟ್ಟಾಗಿ ಪಕ್ವವಾಗಬೇಕೆಂಬುದೇ ಅದರ ತಾತ್ಪರ್ಯವು. ಆದರೆ ಅಥೇನೆ ಪಟ್ಟಣದ ಶಾಲೆಗಳು ಗಂಡುಮಕ್ಕಳಿಗಾಗಿಯೇ ಇದ್ದವು; ಹೆಣ್ಣುಮಕ್ಕಳು ಮನೆಯಲ್ಲಿ ನೂಲುವುದನ್ನೂ ನೆಯ್ಯುವುದನ್ನೂ ಕಲಿಯುತ್ತಿದ್ದರು. ರಾಜ್ಯವನ್ನು ಕಾಯತಕ್ಕ ಸ್ತ್ರೀಯರಿಗೂ ಪುರುಷರಂತೆಯೇ ಶಿಕ್ಷಣವಿರಬೇಕೆಂದು ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ವಾದಿಸಿದನಾದರೂ ಅವನ ಪಟ್ಟಣವು ಅದನ್ನು ಆಚರಣೆಗೆ ತರಲಿಲ್ಲ.

ಎಫೆಸದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ, ತಂದೆಗಳು ಮಕ್ಕಳನ್ನು ಸಾಕಬೇಕಾದ ರೀತಿಯನ್ನು ಹೇಳುವಾಗ, ಇದೇ ಗ್ರೀಕ್ ಶಬ್ದವು ಬಂದಿರುತ್ತದೆ. ಎರಡನೆಯ ಶತಮಾನದ ಕೊನೆಯಲ್ಲಿ ಅಲೆಕ್ಸಾಂದ್ರಿಯದ ಕ್ಲೆಮೆಂಟರು ಕ್ರಿಸ್ತನನ್ನೇ ಶಿಕ್ಷಕನೆಂದು ವರ್ಣಿಸಿ, ಈ ಶಿಕ್ಷಣವು ಸ್ತ್ರೀಪುರುಷರಿಬ್ಬರಿಗೂ ಒಂದೇ ಎಂದು ಬೋಧಿಸಿದರು.

ಹಾಗಾದರೆ ಅನ್ಯದೇವತೆಗಳ ಕಥೆಗಳಿಂದ ತುಂಬಿದ ಗ್ರೀಕ್ ಕಾವ್ಯಗಳನ್ನು ಕ್ರೈಸ್ತರು ಓದಬಹುದೋ? 362ರಲ್ಲಿ ಚಕ್ರವರ್ತಿಯಾದ ಜೂಲಿಯನನು, ಆ ದೇವತೆಗಳನ್ನು ನಂಬದವರು ಆ ಗ್ರಂಥಗಳನ್ನು ಕಲಿಸಕೂಡದೆಂದು ಕ್ರೈಸ್ತ ಉಪಾಧ್ಯಾಯರನ್ನು ತಡೆದನು. ಕಪ್ಪದೋಕ್ಯ ಸೀಮೆಯ ಬಿಷಪ್ ಬಾಸಿಲರಾದರೋ, ಜೇನುಹುಳವು ಹೂವನ್ನು ಆರಿಸಿ ಬೇಕಾದಷ್ಟನ್ನೇ ತೆಗೆದುಕೊಳ್ಳುವಂತೆ ಆ ಗ್ರಂಥಗಳಿಂದ ಸದ್ಗುಣಕ್ಕೆ ಸಹಾಯವಾದದ್ದನ್ನು ಗ್ರಹಿಸಿರೆಂದು ಯುವಕರಿಗೆ ಬುದ್ಧಿ ಹೇಳಿದರು.

ಆ ಬಾಸಿಲರಿಗೇ ಬುದ್ಧಿ ಹೇಳಿದವರೊಬ್ಬರುಂಟು. ಅವರೇ ಅಕ್ಕನಾದ ಮಕ್ರೀನಮ್ಮನವರು. ತಾಯಿಯು ಆಕೆಗೆ ಗ್ರೀಕ್ ಕವಿಗಳ ನಾಟಕಗಳನ್ನು ಕಲಿಸದೆ ಸೊಲೊಮೋನನ ಜ್ಞಾನವಾಕ್ಯಗಳನ್ನೂ ಕೀರ್ತನೆಗಳನ್ನೂ ಕಲಿಸಿದ್ದಳು. ಅಥೇನೆಯಲ್ಲಿ ಓದಿ ಪಾಂಡಿತ್ಯದ ಗರ್ವದಿಂದ ಮರಳಿದ ತಮ್ಮನನ್ನು ದೀನಜೀವನಕ್ಕೆ ತಿರುಗಿಸಿದವರು ಆಕೆಯೇ. 379ರಲ್ಲಿ ಆಕೆ ಮರಣಶಯ್ಯೆಯಲ್ಲಿದ್ದಾಗ ಇನ್ನೊಬ್ಬ ತಮ್ಮನಾದ ಬಿಷಪ್ ಗ್ರೆಗರಿಯವರು ದರ್ಶನಕ್ಕೆ ಬಂದರು. ತರುವಾಯ ಅವರು ಆತ್ಮವನ್ನೂ ಪುನರುತ್ಥಾನವನ್ನೂ ಕುರಿತು ಸಂಭಾಷಣೆಯ ರೂಪದಲ್ಲಿ ಬರೆದ ಗ್ರಂಥದಲ್ಲಿ ತಾವೇ ಶಿಷ್ಯರಾಗಿ, ಅಕ್ಕನನ್ನು ಗುರುವೆಂದು ಕರೆದಿರುತ್ತಾರೆ. ಪ್ಲೇಟೋವಿನ ಗ್ರಂಥದಲ್ಲಿ ಮರಣದಿನದಂದು ಆತ್ಮವಿಚಾರವನ್ನು ಬೋಧಿಸುವವನು ಸಾಕ್ರಟೀಸನು. ಇಲ್ಲಿ ಆ ಪೀಠವು ಒಬ್ಬ ಸ್ತ್ರೀಗೆ ದೊರೆಯಿತು.

ಮಕ್ರೀನಮ್ಮನವರು ತಮ್ಮ ತಾಯಿಯನ್ನು ಒಡಂಬಡಿಸಿ, ಮನೆಯ ದಾಸಿಯರೊಂದಿಗೆ ಒಂದೇ ಊಟ, ಒಂದೇ ಹಾಸಿಗೆಯ ಸಮಾನಜೀವನವನ್ನು ನಡೆಸಿದರು. ನಾವು ಗ್ರೀಕರಿಂದ ಸರ್ವಾಂಗಶಿಕ್ಷಣದ ಆದರ್ಶವನ್ನು ಕೃತಜ್ಞತೆಯಿಂದ ಸ್ವೀಕರಿಸೋಣ. ಆದರೆ ಕಲಿತ ನಮ್ಮ ಹೆಣ್ಣುಮಕ್ಕಳನ್ನು ಪರೀಕ್ಷಿಸುವ ಒರೆಗಲ್ಲು ಅವರು ಎಷ್ಟು ಓದಿರುವರೆಂಬುದಷ್ಟೇ ಅಲ್ಲ. ಮನೆಯ ಕೆಲಸದವಳನ್ನು ತಮ್ಮ ಪಂಕ್ತಿಯಲ್ಲಿ ಕೂರಿಸಿಕೊಳ್ಳಬಲ್ಲರೋ ಎಂಬುದೂ ಆಗಿರುತ್ತದೆ.