ಸಮುದಾಯ ವಸ್ತುಸಂಗ್ರಹಾಲಯ ಮತ್ತು ಸುಸ್ಥಿರ ಪ್ರವಾಸೋದ್ಯಮ: ಚಿಕ್ಕಬಳ್ಳಾಪುರ ಸೀಮೆಯ ನಾಲ್ಕು ತಾಲ್ಲೂಕುಗಳು

ವಸ್ತುಸಂಗ್ರಹಾಲಯವೆಂದೊಡನೆ ಕಟ್ಟಡ, ಗಾಜಿನ ಪೆಟ್ಟಿಗೆ, ಅದರೊಳಗಿನ ಪ್ರಾಚೀನ ವಸ್ತುಗಳು ಕಣ್ಣಮುಂದೆ ಬರುತ್ತವೆ. 1971ರಲ್ಲಿ ಫ್ರಾನ್ಸಿನ ಹ್ಯೂಗ್ ದ ವರೀನ್ ಬಳಕೆಗೆ ತಂದ 'ಇಕೋಮ್ಯೂಸಿಯಂ' ಎಂಬ ಪರಿಕಲ್ಪನೆ ಈ ರೂಢಿಯನ್ನು ಪ್ರಶ್ನಿಸಿತು. ಇದರಲ್ಲಿ ಕಟ್ಟಡದ ಸ್ಥಾನದಲ್ಲಿ ಒಂದು ಸೀಮೆ, ಸಂಗ್ರಹದ ಸ್ಥಾನದಲ್ಲಿ ಬಾಳುತ್ತಿರುವ ಪರಂಪರೆ, ವೀಕ್ಷಕರ ಸ್ಥಾನದಲ್ಲಿ ಆ ಸೀಮೆಯ ನಿವಾಸಿಗಳು ಇರುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಜಾನಪದ ಲೋಕ ಮೊದಲಾದವು ಅಮೂಲ್ಯ ಸಂಗ್ರಹಕಾರ್ಯ ನಡೆಸಿವೆ. ಅಲ್ಲಿಗೆ ಸೇರುವ ವಸ್ತು ತನ್ನ ಊರನ್ನು ಬಿಟ್ಟು ಬಂದಿರುತ್ತದೆ. ಸಮುದಾಯ ವಸ್ತುಸಂಗ್ರಹಾಲಯದಲ್ಲಾದರೋ ನೋಡುವವನೇ ವಸ್ತುವಿನ ಊರಿಗೆ ಹೋಗಬೇಕಾಗುತ್ತದೆ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಗೆ ಈ ಪರಿಕಲ್ಪನೆ ವಿಶೇಷವಾಗಿ ಒದಗಿಬರುತ್ತದೆ. ಇಲ್ಲಿಯ ಪ್ರವಾಸೋದ್ಯಮವೆಂದರೆ ಬಹುಮಟ್ಟಿಗೆ ನಂದಿಬೆಟ್ಟ. ಸೂರ್ಯೋದಯ ನೋಡಲು ಬಂದವರಲ್ಲಿ ಅನೇಕರು ಬೆಟ್ಟದ ಬುಡದ ಭೋಗನಂದೀಶ್ವರ ದೇವಾಲಯವನ್ನೂ ನೋಡದೆ ಬೆಂಗಳೂರಿಗೆ ಮರಳುತ್ತಾರೆ. ವಾಹನದಟ್ಟಣೆ, ಕಸ, ನೀರಿನ ಮೇಲಿನ ಒತ್ತಡ ಸ್ಥಳೀಯರ ಪಾಲಿಗೆ ಉಳಿಯುತ್ತವೆ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ಇನ್ನೊಂದು ಬಗೆಯ ನಿದರ್ಶನ. ವಿದುರನು ನೆಟ್ಟನೆಂದು ನಂಬಲಾದ ಅಶ್ವತ್ಥವೃಕ್ಷ 2001ರಲ್ಲಿ ಉರುಳಿದರೂ ಸಂತಾನಾಪೇಕ್ಷಿಗಳು ನಾಗರಕಲ್ಲು ಪ್ರತಿಷ್ಠಾಪಿಸುವ ಹರಕೆ ನಿಂತಿಲ್ಲ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದೂ ಇಲ್ಲಿಯೇ. ಮಡಿದವರ ಸಂಖ್ಯೆಯಲ್ಲಿ ಸರ್ಕಾರಿ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಅಂತರವಿದೆ. ಅಧಿಕೃತ ದಾಖಲೆಯ ಪಕ್ಕದಲ್ಲಿ ಸುತ್ತಲ ಹಳ್ಳಿಗಳ ಮೌಖಿಕ ಚರಿತ್ರೆಗೂ ಸಮಾನ ಸ್ಥಾನ ಸಲ್ಲಬೇಕೆಂಬುದನ್ನು ಈ ಅಂತರವೇ ಸೂಚಿಸುತ್ತದೆ. ನಾಗರಕಲ್ಲುಗಳಾದರೋ ಪೂಜೆಯಲ್ಲಿರುವವು, ಅವನ್ನು ಕಿತ್ತು ಪ್ರದರ್ಶನಕ್ಕಿಟ್ಟರೆ ಕಲ್ಲು ಉಳಿದೀತು, ಹರಕೆ ಅಳಿದೀತು.

ಶಿಡ್ಲಘಟ್ಟದ ಪರಂಪರೆ ರೇಷ್ಮೆಯದು. ಹಿಪ್ಪುನೇರಳೆ ತೋಟ, ಹುಳುಮನೆ, ಬಿದಿರಿನ ಚಂದ್ರಿಕೆ, ಗೂಡಿನ ಮಾರುಕಟ್ಟೆ, ನೂಲು ಬಿಚ್ಚುವ ಘಟಕ – ಈ ಸರಣಿಯೇ ಒಂದು ತೆರೆದ ಸಂಗ್ರಹಾಲಯ. ಚಂದ್ರಿಕೆಯ ಜಾಗಕ್ಕೆ ಪ್ಲಾಸ್ಟಿಕ್ ನೇತ್ರಿಕೆ ಬಂದಿದೆ. ಆದುದರಿಂದ ಚಂದ್ರಿಕೆ ಹೆಣೆಯುವವರ ಕೌಶಲವನ್ನು ಅವರಿರುವಾಗಲೇ ದಾಖಲಿಸಬೇಕಾಗಿದೆ. ಆದರೆ ಕುದಿನೀರಿನಲ್ಲಿ ಕೈಯಾಡಿಸುವವರ ದುಡಿಮೆ ಪ್ರವಾಸಿಗರ ಕಣ್ಣಿಗೆ ವಿನೋದವಾಗಕೂಡದು. ಭೇಟಿಯ ವೇಳೆ, ಛಾಯಾಚಿತ್ರದ ಅನುಮತಿ, ಶುಲ್ಕದ ಪಾಲು ಇವುಗಳನ್ನು ದುಡಿಯುವವರೇ ನಿರ್ಧರಿಸಬೇಕು.

ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಭೀಮ–ಬಕಾಸುರರ ಐತಿಹ್ಯವೂ ತಾತಯ್ಯನವರ ತತ್ವಪದಗಳೂ ಒಂದೆಡೆ ಕೂಡಿವೆ. ಕನ್ನಡ, ತೆಲುಗು ಎರಡರಲ್ಲೂ ಹಾಡಿದ ಈ ಯೋಗಿಯ ಪರಂಪರೆಯನ್ನು ಪರಿಚಯಿಸುವ ಫಲಕ, ವಿವರಣೆಗಳು ಒಂದೇ ಭಾಷೆಗೆ ಸೀಮಿತವಾದರೆ ಸೀಮೆಯ ದ್ವಿಭಾಷಿಕ ಸ್ವರೂಪಕ್ಕೆ ಅನ್ಯಾಯವಾಗುತ್ತದೆ. ವ್ಯಾಖ್ಯಾನ ಭಜನೆಯ ತಂಡಗಳಿಂದಲೇ ಬರಬೇಕು.

ಈ ನಾಲ್ಕು ನೆಲೆಗಳನ್ನು ಜೋಡಿಸುವ ಪ್ರವಾಸಮಾರ್ಗ ರಚಿಸುವುದು ಕಷ್ಟವಲ್ಲ. ಏನನ್ನು ತೋರಿಸಬೇಕು, ಏನನ್ನು ತೋರಿಸಬಾರದು ಎಂಬ ತೀರ್ಮಾನ ಯಾರದೆಂಬುದೇ ಮುಖ್ಯ ಪ್ರಶ್ನೆ. ಕೊಳವೆಬಾವಿಗಳನ್ನೇ ನಂಬಿದ ಈ ಬರನಾಡಿನಲ್ಲಿ ಎಷ್ಟು ಜನ ಬರಬಹುದೆಂಬ ಮಿತಿಯೂ ಆ ತೀರ್ಮಾನಕ್ಕೆ ಸೇರಿದ್ದು. ಗ್ರಾಮಸಭೆಗೆ ಆ ಅಧಿಕಾರವಿಲ್ಲದೆ ಹೋದರೆ ಸಮುದಾಯ ವಸ್ತುಸಂಗ್ರಹಾಲಯವೆಂಬುದು ಹಳೆಯ ಪ್ರವಾಸೋದ್ಯಮಕ್ಕೆ ಇಟ್ಟ ಹೊಸ ಹೆಸರಾಗಿ ಉಳಿಯುತ್ತದೆ.