ಅಗ್ಗದ ತಮ್ಮ, ದುಬಾರಿ ಅಣ್ಣ

ಒಂದೇ ಮನೆಯಲ್ಲಿ ಹುಟ್ಟಿದ ಎರಡು ಸರಕುಗಳಲ್ಲಿ ಒಂದು ಇನ್ನೊಂದರ ಗಿರಾಕಿಯನ್ನು ಸೆಳೆದುಕೊಳ್ಳುವುದುಂಟೆ? ಧಾರಾಳವಾಗಿ ಉಂಟು. 2018ನೆಯ ಸೆಪ್ಟೆಂಬರಿನಲ್ಲಿ ಅಮೆರಿಕದ ಆಪಲ್ ಕಂಪನಿಯು ಮೂರು ಫೋನುಗಳನ್ನು ಒಟ್ಟಿಗೆ ಪ್ರಕಟಿಸಿತು. ಐಫೋನ್ ಎಕ್ಸ್‌ಎಸ್‌ನ ಆರಂಭದ ಬೆಲೆ ಆ ದೇಶದಲ್ಲಿ 999 ಡಾಲರು, ಅದರ ದೊಡ್ಡ ಗಾತ್ರದ ಮ್ಯಾಕ್ಸ್‌ಗೆ 1099, ಎಕ್ಸ್‌ಆರ್‌ಗೆ 749. ಎಕ್ಸ್‌ಆರ್ ಅಂಗಡಿಗೆ ಬಂದುದು ಐದು ವಾರ ತಡವಾಗಿ. ಆದರೂ ಬಂದಂದಿನಿಂದ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುತ್ತಿರುವ ಐಫೋನ್ ಅದೇ ಎಂದು ಕಂಪನಿಯವರೇ ಆ ನವೆಂಬರಿನಲ್ಲಿ ಹೇಳಿದರು.

ಇದರ ಕಾರಣವನ್ನು ಗಿರಾಕಿಯ ಹಣದ ಚೀಲದಲ್ಲಿ ಮಾತ್ರ ಹುಡುಕಿದರೆ ಸಾಲದು. ಅವನ ಕಣ್ಣಿನಲ್ಲಿಯೂ ಹುಡುಕಬೇಕು. ಫೋನಿನ ಪರದೆಯ ಚಿತ್ರವೆಂದರೆ ಚುಕ್ಕೆಗಳ ಸಮೂಹ. ಎಕ್ಸ್‌ಎಸ್‌ನಲ್ಲಿ ಅಂಗುಲವೊಂದಕ್ಕೆ 458 ಚುಕ್ಕೆಗಳು, ಎಕ್ಸ್‌ಆರ್‌ನಲ್ಲಿ 326. ಅಂಕೆಗಳನ್ನಷ್ಟೇ ನೋಡಿದರೆ ತಮ್ಮನು ಹೀನನೇ ಸರಿ. ಆದರೆ ಆರೋಗ್ಯವಾದ ಕಣ್ಣು ಸಾಮಾನ್ಯವಾಗಿ ಡಿಗ್ರಿಯ 60ರಲ್ಲೊಂದು ಪಾಲಿನಷ್ಟು ಕೋನಾಂತರವಿರುವ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲುದು; ಅದಕ್ಕಿಂತ ಹತ್ತಿರವಾದರೆ ಅವೆರಡೂ ಒಂದಾಗಿ ತೋರುತ್ತವೆ. ಫೋನನ್ನು 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಈ ಕೋನಕ್ಕೆ ಸಲ್ಲುವ ಅಂತರ ಸುಮಾರು 0.087 ಮಿಲಿಮೀಟರ್. ಎಕ್ಸ್‌ಆರ್‌ನ ಚುಕ್ಕೆಗಳ ಅಂತರ 0.078 ಮಿಲಿಮೀಟರ್, ಎಕ್ಸ್‌ಎಸ್‌ನದು 0.055. ಎರಡೂ ಕಣ್ಣಿನ ಮಿತಿಯನ್ನು ದಾಟಿದುವೇ. ಹೆಚ್ಚಿನ ನುಣುಪಿಗೆ ತೆತ್ತ ಹಣದ ಫಲವು ಬಹುಮಂದಿಗೆ ಕಾಣುವುದೇ ಇಲ್ಲ. ನಮ್ಮಂತಹ ಮೇಷ್ಟರುಗಳಿಗೆ 250 ಡಾಲರೆಂದರೆ ಹುಡುಗಾಟವಲ್ಲ!

ನ್ಯಾಯವಾಗಿ ಅಣ್ಣನ ಪರವಾಗಿಯೂ ಒಂದು ಮಾತು. ಎಕ್ಸ್‌ಎಸ್‌ನಲ್ಲಿ ಪ್ರತಿಯೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದಲ್ಲಿ ಆರಿಬಿಡುತ್ತದೆ. ಎಕ್ಸ್‌ಆರ್‌ನದು ದ್ರವಸ್ಫಟಿಕದ ಪರದೆ. ಹಿಂದಿನಿಂದ ಬರುವ ಬೆಳಕನ್ನು ತಡೆದು ಅದು ಕಪ್ಪನ್ನು ತೋರಿಸಬೇಕು, ಬೆಳಕು ತುಸು ಸೋರುತ್ತದೆ. ಕತ್ತಲೆಯ ಕೋಣೆಯಲ್ಲಿ ಈ ಭೇದವು ಸ್ಪಷ್ಟ. ಬಿಸಿಲಿಗೆ ಬಂದರೆ ಗಾಜಿನಿಂದ ಪ್ರತಿಫಲಿಸಿದ ಬೆಳಕೇ ಎರಡರ ಕಪ್ಪನ್ನೂ ಬೂದುಬಣ್ಣಕ್ಕೆ ತಿರುಗಿಸುತ್ತದೆ.

ಇನ್ನು ಒಳಗಿನ ಎ12 ಚಿಪ್. 690 ಕೋಟಿ ಟ್ರಾನ್ಸಿಸ್ಟರುಗಳುಳ್ಳ ಅದು ಎರಡರಲ್ಲಿಯೂ ಒಂದೇ. ಇದು ಔದಾರ್ಯವಲ್ಲ. ಚಿಪ್ಪನ್ನು ರೂಪಿಸುವ ಭಾರಿ ಖರ್ಚು ಒಂದೇ ಸಲದ್ದು. ಆದುದರಿಂದ ಅದನ್ನು ಎಷ್ಟು ಹೆಚ್ಚು ಫೋನುಗಳ ಮೇಲೆ ಹಂಚಿದರೆ ಅಷ್ಟು ಲಾಭ.

ಹೀಗಿರುವಾಗ ಅಣ್ಣನ ಗೌರವವನ್ನುಳಿಸಲು ತಮ್ಮನಲ್ಲಿ ಏನಾದರೂ ಕೊರತೆ ಇರಲೇಬೇಕು. ಉಪಾಯವು ಹಳೆಯದು. ಅಂದಿನ ರೈಲಿನ ಮೂರನೆಯ ದರ್ಜೆಯ ಡಬ್ಬಿಗಳಿಗೆ ಮಾಡು ಹಾಕದಿರುವುದು ಖರ್ಚಿಗೆ ಹೆದರಿಯಲ್ಲ, ಎರಡನೆಯ ದರ್ಜೆಗೆ ಹಣ ಕೊಡಬಲ್ಲವರು ಮೂರನೆಯದಕ್ಕೆ ಇಳಿಯದಿರಲೆಂದು, ಎಂಬುದಾಗಿ ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪ್ಯುಯಿ 1849ರಲ್ಲಿಯೇ ಬರೆದನು. ಎಕ್ಸ್‌ಎಸ್‌ನ ಬೆನ್ನಿಗೆ ಎರಡು ಕ್ಯಾಮೆರಾಗಳು, ಎಕ್ಸ್‌ಆರ್‌ಗೆ ಒಂದೇ. ದೂರದ್ದನ್ನು ಹತ್ತಿರ ತೋರಿಸುವ ಆ ಎರಡನೆಯದೇ, ನಮ್ಮ ಎಣಿಕೆಯಲ್ಲಿ, ಇಲ್ಲಿಯ ಮಾಡು. ಆದರೆ ಮಾಡಿಲ್ಲದೆ ಮಳೆಯಲ್ಲಿ ನೆನೆಯುವುದು ಬೇರೆ. ಈ ಕ್ಯಾಮೆರಾ ಇಲ್ಲದೆ ನೆನೆದವರು ಹೆಚ್ಚು ಮಂದಿ ಇರಲಾರರು.

ಹಾಗಾದರೆ ಕಂಪನಿಗೆ ನಷ್ಟವೆ? 999ನ್ನು ಬಿಟ್ಟು 749ಕ್ಕೆ ಇಳಿದ ಪ್ರತಿ ಗಿರಾಕಿಯಿಂದ 250 ಡಾಲರಿನ ಹುಟ್ಟುವಳಿ ಖೋತಾ. ಎಕ್ಸ್‌ಆರ್ ಇಲ್ಲದಿದ್ದರೆ ಐಫೋನನ್ನೇ ಕೊಳ್ಳದಿರುತ್ತಿದ್ದವನೊಬ್ಬ ಬಂದರೆ 749 ಲಭ್ಯ. ಅಂದರೆ ಅಂತಹ ಒಬ್ಬನು ಇಳಿದುಹೋದ ಮೂವರ ಕೊರತೆಯನ್ನು ಹೆಚ್ಚುಕಡಿಮೆ ತುಂಬುತ್ತಾನೆ. ಫೋನಿನ ತಯಾರಿಕೆಯ ಖರ್ಚನ್ನು ಕಳೆದರೆ ಲಾಭದ ಲೆಕ್ಕವು ಬೇರೆಯಾಗುತ್ತದೆ. ಎಷ್ಟು ಮಂದಿ ಇಳಿದರು, ಎಷ್ಟು ಮಂದಿ ಹೊಸದಾಗಿ ಬಂದರು ಎಂಬುದು ಕಂಪನಿಯ ಕಡತಗಳಲ್ಲಿಯೇ ಉಳಿದಿದೆ. ಮಾರಾಟವಾದ ಐಫೋನುಗಳ ಸಂಖ್ಯೆಯನ್ನು ಇನ್ನು ಮುಂದೆ ಪ್ರಕಟಿಸುವುದಿಲ್ಲವೆಂದು ಅದು ಸಾರಿದುದು ಅದೇ 2018ನೆಯ ನವೆಂಬರಿನಲ್ಲಿ.